ಗೇಟಿನ ಒಳಬದಿ

ಕುಮಟೆಯ ಪೇಂಟರು ಹೋದ ತಿಂಗಳು ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ಹನ್ನೆರಡನೇ ದಿನವೂ ಕಳೆದಿತ್ತು. ಅದೂ ಬಸ್ಸಿನಲ್ಲಿ, ಪಕ್ಕದ ಸೀಟಿನವರು ಮೀನಿನ ದರದ ಮಾತಿನ ನಡುವೆ, "ಬೋರ್ಡು ಬರೀತಿದ್ರಲ್ಲ, ಆ ಪೇಂಟರು ಹೋದ್ರಂತೆ. ನಿಮ್ಗೆ ಗುರ್ತ ಇತ್ತೋ ಏನೋ" ಎಂದರು. ಗುರುತಿತ್ತು ಎಂದೆ. ಹಳದೀಪುರ ದಾಟುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೊನೆಯ ಆರೇಳು ವರ್ಷ ಅವರೇ ಯಾವ ಬೋರ್ಡಿನ ಮೇಲೂ ಅದನ್ನು ಬರೆದವರಲ್ಲ. ಊರಿಗೆಲ್ಲ ಅವರು ಪೇಂಟರು, ನನಗೂ ಪೇಂಟರೇ.

ನಾನು ಹೊನ್ನಾವರ ತಾಲೂಕಿನ ಹೈಸ್ಕೂಲೊಂದಕ್ಕೆ ಇಂಗ್ಲಿಷ್ ಮಾಸ್ತರನಾಗಿ ಬಂದದ್ದು ಐವತ್ತೆಂಟರಲ್ಲಿ. ಆಗ ಕುಮಟೆಯಿಂದ ಭಟ್ಕಳದವರೆಗೆ ಯಾವ ಅಂಗಡಿಯ ಹಣೆ ನೋಡಿದರೂ ಅವರದೇ ಅಕ್ಷರ. ಅಘನಾಶಿನಿಯ ದೋಣಿಗಳ ಮೂತಿಯ ಮೇಲೆ, ಅಕ್ಕಿ ಗಿರಣಿಗಳ ಮೇಲೆ, ದವಾಖಾನೆಯ ಬಾಗಿಲಲ್ಲಿ ಅವರು ಬರೆದದ್ದು ಇರುತ್ತಿತ್ತು. ಕನ್ನಡ ಬರೆಯುತ್ತಿದ್ದರು, ಮುಂಬೈ ಸರಕಾರದ ಕಾಲದ ಶಾಲೆಯಲ್ಲಿ ಕಲಿತ ಮರಾಠಿ ಬರೆಯುತ್ತಿದ್ದರು, ಇಂಗ್ಲಿಷ್ ಅರ್ಥವಾಗದಿದ್ದರೂ ಒಂದಕ್ಷರ ತಪ್ಪದೆ ಬರೆಯುತ್ತಿದ್ದರು. ಭಟ್ಕಳದ ಬಟ್ಟೆ ಅಂಗಡಿಗಳಿಗೆ ಉರ್ದು ಬೋರ್ಡು ಬೇಕಾದರೆ ಮಾಲಕರು ಕಾಗದದ ಮೇಲೆ ಬರೆಸಿ ಕೊಡುತ್ತಿದ್ದರು. ಪೇಂಟರು ಅದನ್ನು ಚಿತ್ರ ನಕಲು ಮಾಡಿದ ಹಾಗೆ ತಗಡಿಗೆ ಇಳಿಸುತ್ತಿದ್ದರು. ಉರ್ದು ಬಲಗಡೆಯಿಂದ ಶುರುವಾಗುತ್ತದೆಂದು ಅಂಥ ಬೋರ್ಡಿನಲ್ಲಿ ಮಾತ್ರ ತಮ್ಮ ಹೆಸರನ್ನು ಎಡಗಡೆಯ ಮೂಲೆಗೆ ಹಾಕುತ್ತಿದ್ದರು.

ಹೌದು, ಹೆಸರು. ನಮ್ಮ ಕಡೆಯ ಬೋರ್ಡು ಬರೆಯುವವರಿಗೆಲ್ಲ ಇರುವ ರೂಢಿ ಅದು. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದವನ ಹೆಸರು, ಮುಂದೊಂದು ಅಡ್ಡಗೀಟು, ಆಮೇಲೆ ಊರು. ಮುಂದಿನ ಗಿರಾಕಿ ಹುಡುಕಿಕೊಂಡು ಬರಲಿ ಎಂದು. ಪೇಂಟರಿಗೆ ಅದು ಬರೀ ಜಾಹೀರಾತಾಗಿರಲಿಲ್ಲ. ಹೆಸರು ಹಾಕದೆ ಬೋರ್ಡು ಮುಗಿಯಿತೆಂದು ಅವರಿಗೆ ಅನಿಸುತ್ತಲೇ ಇರಲಿಲ್ಲ. ಒಮ್ಮೆ ಭಟ್ಕಳಕ್ಕೆ ಹೋಗಲು ಇಬ್ಬರೂ ಹೊನ್ನಾವರದಲ್ಲಿ ಹೊಳೆ ದಾಟಲು ಕಾಯುತ್ತಿದ್ದಾಗ, ದಂಡೆಯ ಚಹಾದ ಅಂಗಡಿಯ ಬೋರ್ಡಿನ ಮೇಲೆ ಕಾಗೆ ಹೊಲಸು ಮಾಡಿದ್ದು ಕಂಡು, ಅಂಗಡಿಯವನ ಸ್ಟೂಲು ಎಳೆದು ಹತ್ತಿ ಹೆಗಲ ಟವೆಲಿನಿಂದಲೇ ಒರೆಸಿದರು. ಮೊದಲು ಒರೆಸಿದ್ದು ಅಂಗಡಿಯ ಹೆಸರನ್ನಲ್ಲ, ಮೂಲೆಯಲ್ಲಿದ್ದ ತಮ್ಮ ಹೆಸರನ್ನು. ನಾನು ನಕ್ಕೆ. "ನಗ್ಬೇಡಿ ಮಾಸ್ತರೆ. ಅಪ್ಪ ಇಟ್ಟ ಹೆಸರು, ಹೊಲಸಾಗಬಾರ್ದಲ್ಲ?" ಎಂದು ಅವರೂ ನಕ್ಕರು.

ಕೆಲಸದ ರೀತಿ ನೋಡಲು ಚಂದ. ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ತಗಡಿನ ಎರಡು ಕೊನೆಗೆ ಬಿಗಿದು, ನಡುವೆ ಎತ್ತಿ ಬಿಟ್ಟರೆ ಗೆರೆ ಬೀಳುತ್ತಿತ್ತು. ಅಕ್ಷರಗಳನ್ನು ಎಣಿಸಿ ನಡುವಿನದನ್ನು ಮೊದಲು ಬರೆದು, ಆಮೇಲೆ ಎರಡೂ ಕಡೆ ಹೋಗುತ್ತಿದ್ದರು. ಬರೆದಾದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು, ತಲೆ ಒಂದು ಕಡೆ ವಾಲಿಸಿ, "ಆತು" ಎನ್ನುತ್ತಿದ್ದರು. ಅವರ ಬಾಯಿಂದ ಆ ಒಂದು ಶಬ್ದ ಬಂದಿತೆಂದರೆ ಮಾಲಕರು ಎಷ್ಟು ಬೇಡಿಕೊಂಡರೂ ಮತ್ತೊಂದು ಗೀಟು ಎಳೆಯುತ್ತಿರಲಿಲ್ಲ. ಏನು ಬರೆಯುತ್ತಿದ್ದೇನೆಂಬುದರ ಗೊಡವೆಗೆ ಮಾತ್ರ ಅವರು ಹೋದವರಲ್ಲ. ಹಲ್ಲುಪುಡಿಯೋ ದೇವರ ನಾಮವೋ, ಎರಡಕ್ಕೂ ಅದೇ ಶ್ರದ್ಧೆ.

ಅರವತ್ತೆರಡರ ಮಳೆಗಾಲದಲ್ಲಿ ಅವರು ಮುಂಬೈಗೆ ಹೋದರು. ಮಳೆಗಾಲದಲ್ಲಿ ಇಲ್ಲಿ ಪೇಂಟಿನ ಕೆಲಸ ನಡೆಯುವುದಿಲ್ಲ. ಅಲ್ಲಿ ಅವರ ಹೆಂಡತಿಯ ಅಣ್ಣ ಒಬ್ಬ ದೊಡ್ಡ ಕಂತ್ರಾಟುದಾರನ ಕೈಕೆಳಗೆ ಇದ್ದರು. ಮರುವರ್ಷ ಊರಿಗೆ ಮರಳಿದಾಗ ನಾನು ಕಂಡ ಪೇಂಟರು ಬೇರೆಯೇ ಮನುಷ್ಯ. ಮಾತು ಕಡಿಮೆಯಾಗಿತ್ತು. ಬೋರ್ಡಿನ ಮೂಲೆ ಖಾಲಿ ಬಿಡತೊಡಗಿದ್ದರು. ಕೆಲಸ ಹೇಳಲು ಹೋದವರಿಗೆ "ಇದನ್ನ ಓದೂದು ಯಾರು?" ಎಂದು ಕೇಳುತ್ತಿದ್ದರು. ಅಂಗಡಿಯ ಬೋರ್ಡನ್ನು ಗಿರಾಕಿಗಳಲ್ಲದೆ ಇನ್ನಾರು ಓದುತ್ತಾರೆ? ಮುಂಬೈಯ ಗಾಳಿ ತಲೆಗೆ ಹೊಡೆದಿದೆ ಎಂದು ಜನ ಆಡಿಕೊಂಡರು. ಆಡಿಕೊಂಡವರಲ್ಲಿ ನಾನೂ ಒಬ್ಬ.

ಅರವತ್ತೈದರಲ್ಲಿ ಮತ್ತೆ ಯುದ್ಧ ಬಂತು. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರ ತಮ್ಮ ಸೈನ್ಯದಲ್ಲಿದ್ದರು, ಗಡಿಯಲ್ಲೇ ಇದ್ದರು. ಹೆಡ್‌ಮಾಸ್ತರರು ಅಂಚೆಯವನ ದಾರಿ ಕಾಯುತ್ತ, ಪಾಠದ ನಡುವೆ ಮಾತು ಮರೆಯುತ್ತ ಇದ್ದ ದಿನಗಳು ಅವು. ತಮ್ಮನ ಕಾಗದ ಒಂದು ಬಂತು. ಅದರಲ್ಲಿ ತಮ್ಮ ಪಲಟಣದ ಧ್ಯೇಯವಾಕ್ಯ ಬರೆದಿದ್ದರು. 'ಸ್ವಾತಂತ್ರ್ಯ ಕಾಯುವುದೇ ನಮ್ಮ ಮಾನ.' ಹೆಡ್‌ಮಾಸ್ತರರು ಅದನ್ನು ಪ್ರಾರ್ಥನೆಯ ಹೊತ್ತಿಗೆ ಎರಡು ಸಲ ಓದಿದರು. ಶಾಲೆಗೆ ಆಗ ಹೊಸ ಗೇಟು, ಅದರ ಮೇಲೆ ಕಬ್ಬಿಣದ ಕಮಾನು ಆಗುತ್ತಿತ್ತು. ಕಮಾನಿನ ಎರಡೂ ಬದಿಗೆ ಈ ಮಾತನ್ನು ಬರೆಸಬೇಕೆಂದು ಕಮಿಟಿ ಗೊತ್ತು ಮಾಡಿತು. ಪೇಂಟರನ್ನು ಕರೆತರುವ ಕೆಲಸ ನನಗೆ ಬಂತು.

ಪೇಂಟರು ಬಂದರು. ಆ ಮಾತು ಬರೆದಿದ್ದ ಚೀಟಿಯನ್ನು ಓದಿದರು. ಗೇಟಿನ ಹೊರಗೆ ನಿಂತು ಕಮಾನು ನೋಡಿದರು, ಒಳಗೆ ಬಂದು ನಿಂತು ಇನ್ನೊಮ್ಮೆ ನೋಡಿದರು.

"ಹೊರಗಿನ ಬದಿಗೆ ಬರೀತೆ. ಒಳಗಿನ ಬದಿಗೆ ಬರಿಯೂದಿಲ್ಲ" ಎಂದರು.

"ಎಂತಕ್ಕೆ?" ಎಂದರು ಹೆಡ್‌ಮಾಸ್ತರರು. "ಮಕ್ಕಳು ಹೊರಗೆ ಹೋಗುವಾಗಲೂ ಓದಲಿ ಅಂತಲ್ಲವೇ ಎರಡು ಬದಿ?"

"ಬೇರೆ ಯಾರ ಕೈಲಾದ್ರೂ ಬರೆಸ್ಕೊಳ್ಳಿ. ನನ್ನ ಕೈಲಿ ಆಗೂದಿಲ್ಲ."

"ನನ್ನ ತಮ್ಮ ಅಲ್ಲಿ ಗುಂಡಿನ ಎದುರು ನಿಂತಿದ್ದಾನೆ. ಅವನು ಬರೆದು ಕಳಿಸಿದ ಮಾತು ಇದು."

"ಅವ್ರ ಮಾತು ಸುಳ್ಳು ಅಂತ ನಾ ಹೇಳ್ಲಿಲ್ಲ, ಹೆಡ್‌ಮಾಸ್ತರೆ" ಎಂದು ಪೇಂಟರು ಕೈ ಮುಗಿದರು. ಕಾರಣ ಮಾತ್ರ ಹೇಳಲಿಲ್ಲ.

ಹೆಡ್‌ಮಾಸ್ತರರ ಕಣ್ಣಲ್ಲಿ ನೀರು ಬಂದಿತ್ತು. ಸುತ್ತಲೂ ಮಾಸ್ತರರು, ಕಮಿಟಿಯವರು, ಗೇಟು ಕೂರಿಸುತ್ತಿದ್ದ ಗಾರೆಯವರು ನಿಂತಿದ್ದರು. ನನ್ನ ಮೈ ಉರಿದುಹೋಯಿತು. ಕರೆತಂದವನು ನಾನಲ್ಲವೇ? ಎಲ್ಲರಿಗೂ ಕೇಳುವಂತೆ, "ನೀವು ದೇಶದ್ರೋಹಿ" ಎಂದೆ. ಆ ಶಬ್ದವನ್ನು ಆಡಿದ್ದು ನಾನೇ, ಇನ್ಯಾರೂ ಅಲ್ಲ. ಪೇಂಟರು ಬ್ರಶ್ಶಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದರು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಮಗೆಂತ ಆತು? ಅಷ್ಟು ದೊಡ್ಡ ಶಬ್ದ ಆ ಮನುಷ್ಯನ ಮೇಲೆ ಹಾಕುವಂಥದ್ದು ಎಂತ ಇತ್ತು?" ಎಂದಳು. ನಾನು ಅವಳ ಮೇಲೂ ರೇಗಿದೆ.

ಯುದ್ಧದ ಕಾಲದಲ್ಲಿ ಅಂಥ ಮಾತು ಕಾಲು ಬಂದು ಓಡುತ್ತದೆ. ಹದಿನೈದು ದಿನದೊಳಗೆ ಕುಮಟೆಯ ಪೇಟೆಯಲ್ಲಿ, ಭಟ್ಕಳದಲ್ಲಿ, ದೋಣಿಯವರ ಬಾಯಲ್ಲಿ ಅದೇ ಸುದ್ದಿ. ಹೊಸ ಬೋರ್ಡಿನ ಕೆಲಸ ಹೊನ್ನಾವರದ ಇನ್ನೊಬ್ಬರಿಗೆ ಹೋಗತೊಡಗಿತು. ನಮ್ಮ ಕಮಾನನ್ನೂ ಅವರೇ ಬರೆದರು, ಎರಡೂ ಬದಿಗೆ. ಪೇಂಟರು ಎತ್ತಿನ ಗಾಡಿಯ ನಂಬರಿನ ತಗಡು, ಹಳೆಯ ಕುರ್ಚಿ ಮೇಜುಗಳ ಬಣ್ಣ, ಹೀಗೆ ಸಿಕ್ಕಿದ್ದು ಮಾಡಿಕೊಂಡು ಇದ್ದಾರೆಂದು ಕೇಳಿದೆ. ಕೇಳಿದಾಗ ಸಂಕಟವಾಯಿತು. ಹೋಗಿ ಮಾತಾಡಿಸಲು ನನ್ನ ಅಹಂಕಾರ ಬಿಡಲಿಲ್ಲ.

ಯುದ್ಧ ನಿಂತು, ಹೆಡ್‌ಮಾಸ್ತರರ ತಮ್ಮ ಕ್ಷೇಮವಾಗಿ ರಜೆಗೆ ಬಂದು ಹೋದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಪೇಂಟರೇ ನಮ್ಮ ಮನೆಗೆ ಬಂದರು. ಜಗಲಿಯ ಕೆಳಗೇ ನಿಂತರು.

"ಮಾಸ್ತರೆ, ಇಂಗ್ಲೀಷಲ್ಲಿ ಒಂದು ಕಾಗದ ಬರ್ಕೊಡ್ಬೇಕಾಗಿತ್ತು. ಸೈನ್ಯದ ಸಾಹೇಬ್ರಿಗೆ. ನಿಮ್ಮಷ್ಟು ಚೊಲೋ ಇಂಗ್ಲೀಷು ಈ ಕಡೆ ಯಾರಿಗೂ ಇಲ್ಲ ಅಂತಾರೆ."

ತಮ್ಮನ್ನು ದೇಶದ್ರೋಹಿ ಎಂದವನ ಬಳಿ ಕಾಗದ ಬರೆಸಲು ಬಂದಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಒಳಗೆ ಕರೆದು ಕೂರಿಸಿದೆ. ಹೆಂಡತಿ ಚಹಾ ತಂದಿಟ್ಟಳು. ಅವತ್ತು ಅವರು ಎಲ್ಲವನ್ನೂ ಹೇಳಿದರು.

ಅರವತ್ತೆರಡರ ಕೊನೆಗೆ ಅವರ ಕಂತ್ರಾಟುದಾರನಿಗೆ ಉತ್ತರದಲ್ಲಿ, ಮರಳುಗಾಡಿನ ಅಂಚಿನಲ್ಲಿ, ಒಂದು ಶಿಬಿರದ ಕೆಲಸ ಸಿಕ್ಕಿತ್ತು. ಸಿಪಾಯಿಗಳಿದ್ದ ಹಳೆಯ ಬರಾಕುಗಳಿಗೆ ಸುಣ್ಣ ಬಳಿಯುವುದು, ಗೇಟಿಗೆ ಬೋರ್ಡು ಬರೆಯುವುದು. ಚೀನದ ಜೊತೆ ಯುದ್ಧ. ಶತ್ರುಗಳನ್ನು ಹಿಡಿದು ಇಡುವ ಜಾಗ ಎಂದಷ್ಟೇ ಅವರಿಗೆ ಹೇಳಿದ್ದು. ಅಲ್ಲಿನ ಅಧಿಕಾರಿ ಒಳ್ಳೆಯವರು, ಮೆಲುಮಾತಿನವರು. ಪಲಟಣದ ಧ್ಯೇಯವಾಕ್ಯವನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದು ಕೊಟ್ಟರು. ನಮ್ಮ ಶಾಲೆಯ ಚೀಟಿಯಲ್ಲಿದ್ದ ಮಾತೇ ಹೆಚ್ಚು ಕಡಿಮೆ. ಗೇಟಿನ ಹೊರಬದಿಗೆ, ಒಳಬದಿಗೆ, ಎರಡಕ್ಕೂ ಬರೆಯಬೇಕು.

"ಮೂರು ದಿನ ಹಿಡೀತು. ಅಷ್ಟು ದೊಡ್ಡ ಅಕ್ಷರ ನಾ ಅದರ ಹಿಂದೆ ಬರೆದೇ ಇಲ್ಲ. ಮುಗಿಸಿ ದೂರ ನಿಂತು ನೋಡ್ದೆ. ಹೆಮ್ಮೆ ಆತು ಮಾಸ್ತರೆ, ಸುಳ್ಳು ಎಂತಕ್ಕೆ ಹೇಳೂದು? ದೇಶದ ಕೆಲಸ. ರೂಢಿಯಂಗೆ ಮೂಲೇಲಿ ಹೆಸರು ಹಾಕ್ದೆ. ಎರಡೂ ಬದಿಗೆ. ಹೆಸರು, ಕುಮಟಾ. ಸಾಹೇಬ್ರು ನೋಡಿ ನಕ್ಕು ಸುಮ್ಮನಾದ್ರು."

ಎರಡು ದಿನದ ಮೇಲೆ ಲಾರಿಗಳು ಬಂದವು. ಒಳಗೆ ಬರಾಕುಗಳ ಮೇಲೆ ನಂಬರು ಬರೆಯುತ್ತಿದ್ದ ಪೇಂಟರು ಸಮವಸ್ತ್ರದ ಚೀನೀ ಸೈನಿಕರನ್ನು ನೋಡಲು ಏಣಿ ಇಳಿದು ನಿಂತರು. ಇಳಿದವರು ಮುದುಕಿಯರು, ಬಸುರಿಯರು, ಶಾಲೆಯ ಲಂಗ ತೊಟ್ಟ ಹುಡುಗಿಯರು. ಒಬ್ಬ ಹೆಂಗಸು ಹೊಲಿಗೆ ಯಂತ್ರದ ತಲೆಭಾಗವನ್ನು ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಅಸ್ಸಾಮಿನ ಕಡೆಯವರು, ಬಂಗಾಲದ ಗುಡ್ಡದ ಊರುಗಳವರು. ಅವರ ಅಜ್ಜಂದಿರು ಯಾವುದೋ ಕಾಲದಲ್ಲಿ ಚೀನದಿಂದ ಬಂದಿದ್ದರು, ಅಷ್ಟೇ. ಎಲ್ಲರೂ ಹಿಂದಿ ಆಡುತ್ತಿದ್ದರು. ಪೇಂಟರಿಗಿಂತ ಚೆನ್ನಾಗಿ ಆಡುತ್ತಿದ್ದರು.

ದಿನಾ ಬೆಳಿಗ್ಗೆ ಅವರನ್ನೆಲ್ಲ ಗೇಟಿಗೆ ಮುಖ ಮಾಡಿ ನಿಲ್ಲಿಸಿ ಎಣಿಸುತ್ತಿದ್ದರು. ಎದುರಿಗೆ ಒಳಬದಿಯ ಅಕ್ಷರಗಳು. ಬೇರೆ ನೋಡಲು ಏನೂ ಇರಲಿಲ್ಲ, ತಂತಿಬೇಲಿ ಮತ್ತು ಆ ಬೋರ್ಡು. ಮೂರನೆಯ ದಿನ ಎಣಿಕೆ ಮುಗಿದ ಮೇಲೆ ಒಬ್ಬ ಮುದುಕರು ಏಣಿಯ ಬಳಿ ಬಂದು ನಿಂತರು. ಗುಡ್ಡದ ಊರೊಂದರಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದವರು. ಬೋರ್ಡಿನ ಕಡೆ ಕೈ ತೋರಿಸಿ, ಅದನ್ನು ಬರೆದವರು ನೀವೇ ಏನು ಎಂದು ಕೇಳಿದರು. ಪೇಂಟರು ಹೌದೆಂದರು.

"ಯಾರ ಸ್ವಾತಂತ್ರ್ಯ ಅದು ಅಂತ ಕೇಳಿದ್ರು. ನಾ ಎಂತ ಹೇಳೂದು? ಮಾತು ನನ್ನದಲ್ಲ, ಕೊಟ್ಟದ್ದು ಬರೆದೆ ಅಂದೆ. 'ಕೆಳಗೆ ನಿಮ್ಮ ಹೆಸರು ಇದೆಯಲ್ಲ' ಅಂದ್ರು. ಸಿಟ್ಟಿಲ್ಲ, ಜಗಳಿಲ್ಲ. ಕುಮಟಾ ಎಲ್ಲಿ ಬರ್ತದೆ, ಅಲ್ಲಿ ಸಮುದ್ರ ಅದೆಯಾ ಅಂತ ಕೇಳಿದ್ರು. ಅದೆ ಅಂದೆ. ಆಮೇಲೆ ಹೋಗುವಾಗ ತಿರುಗಿ, 'ಅಕ್ಷರ ಬಹಳ ಚೆನ್ನಾಗಿದೆ' ಅಂದ್ರು."

ಇಷ್ಟು ಹೇಳಿ ಪೇಂಟರು ಚಹಾದ ಲೋಟವನ್ನು ಕೆಳಗಿಟ್ಟರು. ಅದು ತುಂಬಿಯೇ ಇತ್ತು.

"ಬೈದಿದ್ರೆ ತಡ್ಕೊಳ್ತಿದ್ದೆ ಮಾಸ್ತರೆ. ಎಷ್ಟೋ ಜನ ಬೈದಿದ್ದಾರೆ" ಎಂದರು. ನನ್ನನ್ನು ಉದ್ದೇಶಿಸಿ ಅಂದದ್ದಲ್ಲ. ಆದರೂ ನನಗೆ ತಾಗಿತು.

ಮರುದಿನ ಅವರು ಹೆಸರು ಅಳಿಸಲು ಏಣಿ ಹೊತ್ತು ಗೇಟಿನ ಬಳಿ ಹೋದರು. ಅಲ್ಲಿ ಕಾವಲು ಬಿದ್ದಾಗಿತ್ತು, ಸಿಪಾಯಿಗಳು ಹತ್ತುವಂತಿಲ್ಲ ಎಂದರು. ಕಂತ್ರಾಟುದಾರ, ನಿನ್ನ ಹೆಸರು ದಿಲ್ಲಿಯ ದೊಡ್ಡವರ ಕಣ್ಣಿಗೂ ಬೀಳುತ್ತದೆ, ಅಳಿಸಲು ಹುಚ್ಚೇ ಎಂದು ಬೈದು ಲಾರಿ ಹತ್ತಿಸಿದ.

"ಹೊರಗಿಂದ ಓದಿದ್ರೆ ಆ ಮಾತು ಸರಿಯೇ ಅದೆ" ಎಂದರು ಪೇಂಟರು. "ಕಾಯೋ ಸಿಪಾಯಿ ಅದನ್ನ ಓದ್ತಾನೆ, ಎದೆ ಉಬ್ಬಿಸ್ತಾನೆ, ಸಾಯೂಕೂ ಹೋಗ್ತಾನೆ. ಹೆಡ್‌ಮಾಸ್ತರ ತಮ್ಮಂದು ಅದೇ ಮಾತು. ಅದಕ್ಕೆ ನಾ ಹೊರಗಿನ ಬದಿ ಬರೀತೆ ಅಂದದ್ದು. ಒಳಗೆ ನಿಂತು ಓದಿದವ್ರ ಮುಖ ನಾ ನೋಡಿದ್ದೆ."

ದೇಶ ಯುದ್ಧದಲ್ಲಿದ್ದಾಗ ಜಾಗ್ರತೆ ಬೇಡವೇ, ಯಾರು ಬೇಹಿನವರೋ ಯಾರಿಗೆ ಗೊತ್ತು, ಎಂದು ನಾನು ಮಾಸ್ತರಿಕೆಯ ವಾದ ಹೂಡಿದೆ. ಅವರು ತಲೆಯಾಡಿಸಿದರು. "ಇರ್ಬಹುದು. ಇಡ್ಲಿಕ್ಕೆ ಕಾರಣ ಇರ್ಬಹುದು. ಇಟ್ಟ ಮೇಲೆ ಅವರ ಎದುರಿಗೇ ಆ ಮಾತು ಎಂತಕ್ಕೆ ಬರಿಯೂದು?"

ಅವತ್ತು ನಾನು ಅವರ ಕ್ಷಮೆ ಕೇಳಿದೆ. ಗೇಟಿನ ಎದುರು ಅಷ್ಟು ಜನರ ಮುಂದೆ ಆಡಿದ್ದನ್ನು ಮನೆಯೊಳಗೆ ತಗ್ಗಿದ ದನಿಯಲ್ಲಿ ಹಿಂದೆ ತೆಗೆದುಕೊಂಡೆ. ಅದು ಸಾಲದು ಎಂದು ಆಗಲೂ ಗೊತ್ತಿತ್ತು. ಪೇಟೆಯಲ್ಲಿ ನಿಂತು ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಅವರಿಗೆ ಬೇಕಾಗಿದ್ದ ಕಾಗದ ಚಿಕ್ಕದು. ಶಿಬಿರದ ಗೇಟಿನ ಒಳಬದಿಯಲ್ಲಿ ಬಲಗಡೆ ಮೂಲೆಗೆ ನನ್ನ ಹೆಸರಿದೆ, ದಯವಿಟ್ಟು ಅದೊಂದನ್ನು ಅಳಿಸಬೇಕು, ಬೇಕಾದರೆ ನನ್ನ ಖರ್ಚಿನಲ್ಲಿ ನಾನೇ ಬಂದು ಅಳಿಸುತ್ತೇನೆ. ಬರೆದೆ. ಮೂರು ತಿಂಗಳು ಕಾದು ಇನ್ನೊಂದು ಬರೆದೆ. ಪೇಂಟರು ಆಗಾಗ ಬಸ್ಸಿಳಿದು ಬಂದು, ಜಗಲಿಯ ಕೆಳಗೆ ನಿಂತು, "ಉತ್ತರ ಬಂತಾ?" ಎಂದು ಕೇಳಿ, ಇಲ್ಲವೆಂದರೆ ಚಹಾ ಕುಡಿಯಲೂ ಕೂರದೆ ಹೋಗುತ್ತಿದ್ದರು. ಹಾಗೆ ಬಂದಾಗೆಲ್ಲ ನಮ್ಮ ಶಾಲೆಯ ಗೇಟಿನ ಎದುರಿನ ದಾರಿ ಬಿಟ್ಟು ಗದ್ದೆಯ ಅಂಚಿನ ಮೇಲೆ ಸುತ್ತಿಕೊಂಡು ಬರುತ್ತಿದ್ದರು. ಮೂರನೆಯ ಕಾಗದವನ್ನು ನಾನು ನೇರ ದಿಲ್ಲಿಗೆ ಹಾಕಿದೆ.

ಅದಕ್ಕೆ ಉತ್ತರ ಬರಲು ವರ್ಷದ ಮೇಲಾಯಿತು. ಟೈಪು ಮಾಡಿದ ನಾಲ್ಕು ಸಾಲು. ಶಿಬಿರವನ್ನು ಮುಚ್ಚಲಾಗಿದೆ, ಗೇಟನ್ನು ಕಿತ್ತು ವಿಲೇವಾರಿ ಮಾಡಲಾಗಿದೆ, ಪೇಂಟರ ಕೆಲಸದ ಬಗ್ಗೆ ಇಲಾಖೆಯಲ್ಲಿ ಯಾವ ದೂರೂ ಇಲ್ಲ. ನಾನು ಶಾಲೆ ಬಿಟ್ಟೊಡನೆ ಸಿಕ್ಕ ಬಸ್ಸು ಹತ್ತಿ ಕುಮಟೆಗೆ ಹೋದೆ. ಅಷ್ಟು ಖುಷಿಯಿಂದ ನಾನು ಯಾರ ಮನೆಗೂ ಕಾಗದ ಒಯ್ದವನಲ್ಲ. ನನ್ನ ಪಾಪವೂ ಅದರೊಂದಿಗೆ ಸ್ವಲ್ಪ ತೊಳೆದುಹೋಗುತ್ತದೆಂಬ ಆಸೆ ಒಳಗೆ ಇತ್ತು.

ಪೇಂಟರು ಅಂಗಳದಲ್ಲಿ ಕೂತು ಒಂದು ಹಳೆಯ ಪೆಟ್ಟಿಗೆಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಕಾಗದ ಓದಿ ಅರ್ಥ ಹೇಳಿದೆ. ಇನ್ನೊಮ್ಮೆ ಓದಿ ಎಂದರು. ಓದಿದೆ.

"ಗೇಟೇ ಇಲ್ಲ ಅಂದ ಮೇಲೆ ಹೆಸರು ಎಲ್ಲಿ ಉಳೀತು? ಮುಗಿಯಿತಲ್ಲ ಪೇಂಟರೇ" ಎಂದೆ.

ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿದರು. "ಬೋರ್ಡು ಹೋತು. ಓದಿದವ್ರು ಎಲ್ಲೋ ಇದ್ದಾರಲ್ಲ ಮಾಸ್ತರೆ" ಎಂದರು.

ಆಮೇಲೆ ಎದ್ದು ಒಳಗೆ ಹೋಗಿ ಒಂದು ಇನ್‌ಲ್ಯಾಂಡ್ ಲೆಟರ್ ತಂದರು. ಇದೊಂದು ಕೊನೆಯದು, ಆ ಅಜ್ಜನಿಗೆ ಎಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಅವರು ಹೇಳಿದಂತೆ ನನಗೆ ಬರುವ ಹಿಂದಿಯಲ್ಲಿ ಬರೆದೆ. ನಾನು ಕುಮಟೆಯವ. ಗೇಟಿನ ಮೇಲಿನ ಮಾತು ನನ್ನದಲ್ಲ, ಆದರೆ ಹೆಸರು ನಾನೇ ಹಾಕಿದ್ದು, ತಪ್ಪಾಯಿತು. ನೀವು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ನೀವು ಮನೆ ಸೇರಿದ್ದರೆ, ಅಂಗಡಿ ಮತ್ತೆ ತೆರೆದಿದ್ದರೆ, ಬೋರ್ಡು ಬರೆದುಕೊಡಲು ನಾನು ಬರುತ್ತೇನೆ. ಕೆಳಗೆ ಸಹಿ ಮಾಡಲು ಕೊಟ್ಟೆ. ಅವರು ಬಹಳ ಹೊತ್ತು ತಗೊಂಡು, ಒಂದೊಂದೇ ಅಕ್ಷರವಾಗಿ, ತಮ್ಮ ಪೂರ್ತಿ ಹೆಸರನ್ನು ಬರೆದರು.

ನಾನು ಕಾಗದ ಮಡಚಿ, ವಿಳಾಸದ ಬದಿ ಮೇಲೆ ಮಾಡಿ, ಪೆನ್ನು ಹಿಡಿದು, "ಅವರ ಹೆಸರು ಹೇಳಿ" ಎಂದೆ.

ಪೇಂಟರು ನನ್ನ ಮುಖ ನೋಡಿದರು. ಹಸಿರು ಬಣ್ಣ ಹತ್ತಿದ ಕೈ ಮೊಣಕಾಲ ಮೇಲೆ ಹಾಗೇ ನಿಂತಿತು.

"ನಾ ಕೇಳ್ಲೇ ಇಲ್ಲ ಮಾಸ್ತರೆ" ಎಂದರು. "ಅವ್ರು ನನ್ನ ಹೆಸರು ಓದಿದ್ರು, ಊರು ಕೇಳಿದ್ರು. ನಾ ಅವ್ರ ಹೆಸರು ಕೇಳ್ಲೇ ಇಲ್ಲ."